ಹಳೆಯ ಕಾರಿನ ವ್ಯವಹಾರ: ಒಂದು ಹಿತನುಡಿ

ಹಳೆಯ ಕಾರನ್ನು ಕೊಳ್ಳುವ ಶರಣಬಂಧುಗಳು ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದರ್ಥ. ಅದರ ದುರಸ್ತಿಗೆ ವೆಚ್ಚ ಬಹಳ. ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ, ಆತನ ಕಾಯಕಕ್ಕೆ ತಕ್ಕ ಕೂಲಿಯನ್ನು ಸಲ್ಲಿಸಿರಿ.

ಯಂತ್ರದ ದೋಷಕ್ಕಿಂತಲೂ ಕಾಗದದ ದೋಷ ದೊಡ್ಡದು. ಬಂಧುಗಳೊಳಗಿನ ವ್ಯವಹಾರವೆಂದು ಹಲವರು ನೋಂದಣಿಯಲ್ಲಿ ಹೆಸರು ಬದಲಿಸದೆಯೇ ವಾಹನವನ್ನು ಕೊಟ್ಟುಬಿಡುವರು. 1988ರ ಮೋಟಾರು ವಾಹನ ಕಾಯಿದೆಯಂತೆ, ರಾಜ್ಯದೊಳಗೇ ಮಾರಿದವರು 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ನೋಂದಣಿ ಯಾರ ಹೆಸರಿನಲ್ಲಿರುವುದೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಕಾರು ಮತ್ತೊಬ್ಬರ ಮನೆಯಲ್ಲಿದ್ದರೂ ಋಣ ನಿಮ್ಮ ಮನೆಯ ಬಾಗಿಲಿಗೇ ಬಂದೀತು.

ಆದುದರಿಂದ ಮಾರಿದವರು, ಹೆಸರು ಬದಲಾದ ನೋಂದಣಿ ಪತ್ರದ ಪ್ರತಿಯನ್ನು ಪಡೆದ ಮೇಲೆಯೇ ನಿಶ್ಚಿಂತರಾಗಬೇಕು. ವ್ಯವಹಾರ ಶುದ್ಧವಾಗಿದ್ದರೆ ಬಾಂಧವ್ಯವೂ ಉಳಿಯುವುದು.