ನಮೂನೆಗೆಂದು ಇಟ್ಟ ಫೈಲು

ಬ್ಯಾಡಗಿಯ ದಲಾಲಿ ಅಂಗಡಿಯದೋ, ರಾಣೆಬೆನ್ನೂರಿನ ಬೀಜದ ವ್ಯಾಪಾರದ್ದೋ, ಹಾವೇರಿಯ ಯಾವುದಾದರೂ ಶಾಲೆಯದೋ, ಹತ್ತು ಹದಿನೈದು ವರ್ಷದ ಹಿಂದೆ ಮಾಡಿಸಿದ ಒಂದು ವೆಬ್‌ಸೈಟ್ ತೆರೆದು ನೋಡಿ. ಅಲ್ಲಿ ಕನ್ನಡ ಇರುವುದು ಬಹುಪಾಲು ಫೋಟೋ ರೂಪದಲ್ಲಿ. ಸೋಮವಾರ, ಗುರುವಾರದ ಪೇಟೆ ಮುಗಿದ ಮೇಲೆ ಕಡ್ಡಿ ಮೆಣಸಿನಕಾಯಿ ಎಷ್ಟಕ್ಕೆ ಹೋಯಿತು, ಡಬ್ಬಿ ಎಷ್ಟಕ್ಕೆ ಹೋಯಿತು ಎಂಬ ಧಾರಣಿ ಪಟ್ಟಿ ಜೆಪಿಜಿ. ಪ್ರವೇಶ ಪ್ರಕಟಣೆ ಪಿಡಿಎಫ್. ವಾರ್ಷಿಕೋತ್ಸವದ ಆಮಂತ್ರಣವಂತೂ ಪ್ರೆಸ್ಸಿನವರು ಕಳಿಸಿದ ಚಿತ್ರವೇ.

ಇದನ್ನು ಸೋಮಾರಿತನ ಅನ್ನಲಾರೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಒಳಗಿನಿಂದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ವೆಬ್‌ಸೈಟಿಗೆ ಅಂಟಿಸಿದರೆ ಬರೀ ಗಜಿಬಿಜಿ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂದಿತ್ತು, ನಿಜ. ಆದರೆ ಡಿಟಿಪಿ ಅಂಗಡಿಗಳೂ ಆಫೀಸುಗಳೂ ಬಹಳ ವರ್ಷ ಹಳೆಯದನ್ನೇ ಹಿಡಿದು ಕೂತವು. ಟೈಪ್ ಮಾಡು, ಪ್ರಿಂಟ್ ತೆಗೆ, ಸ್ಕ್ಯಾನ್ ಮಾಡು, ಸೈಟಿಗೆ ಏರಿಸು, ಇದೇ ರೂಢಿಯಾಯಿತು.

ಹೀಗಾಗಿ ನಮ್ಮ ಕಡೆಯ ಅಡ್ಮಿನ್ ಪ್ಯಾನೆಲ್‌ಗಳಲ್ಲಿ ಬರೆಯುವ ಪೆಟ್ಟಿಗೆಗಿಂತ ಹೆಚ್ಚು ಬಳಕೆಯಾದದ್ದು ಅದರೊಳಗಿನ ‘ಬ್ರೌಸ್ ಸರ್ವರ್’ ಬಟನ್. ಒತ್ತಿದರೆ ಸಣ್ಣದೊಂದು ಕಿಟಕಿ ತೆರೆಯುತ್ತದೆ, ಸರ್ವರಿನ ಫೋಲ್ಡರುಗಳು ಕಾಣುತ್ತವೆ, ಬೇಕಾದ ಫೋಟೋ ಏರಿಸಬಹುದು, ಹಳೆಯದನ್ನು ಅಳಿಸಬಹುದು. ಈ ಕಿಟಕಿಯ ಹಿಂದಿನ ದೋಷ ಜಗತ್ತಿಗೆ ಗೊತ್ತಾದದ್ದು ಒಂದು ಸಲವಲ್ಲ. ಹನ್ನೊಂದು ವರ್ಷದ ಅಂತರದಲ್ಲಿ ಎರಡು ಸಲ ಗೊತ್ತಾಯಿತು, ಎರಡೂ ಸಲ ತಪ್ಪು ಹೆಚ್ಚುಕಡಿಮೆ ಒಂದೇ.

ಮೊದಲು ಈ ಕಿಟಕಿ ಕೆಲಸ ಮಾಡುವ ಬಗೆ ನೋಡಬೇಕು. ಕಣ್ಣಿಗೆ ಕಾಣುವ ಫೋಲ್ಡರ್, ಚಿತ್ರ, ಬಟನ್ ಇವೆಲ್ಲ ಮುಂಭಾಗದ ವೇಷ. ನಿಜವಾದ ಕೆಲಸ ಸರ್ವರಿನಲ್ಲಿ ಕೂತ ಒಂದು ಚಿಕ್ಕ ಪ್ರೋಗ್ರಾಂನದು. ಅದಕ್ಕೆ ಕನೆಕ್ಟರ್ ಅನ್ನುತ್ತಾರೆ. ‘ಪಟ್ಟಿ ಕೊಡು’, ‘ಫೋಲ್ಡರ್ ಮಾಡು’, ‘ಈ ಫೈಲ್ ಇಟ್ಟುಕೋ’ ಎಂದು ಕಿಟಕಿ ಹೇಳಿದ್ದನ್ನು ಅದು ಮಾಡುತ್ತದೆ. ಕೇಳುತ್ತಿರುವವನು ಯಾರು, ಲಾಗಿನ್ ಆಗಿದ್ದಾನೋ ಇಲ್ಲವೋ ಎಂದು ಕನೆಕ್ಟರ್ ವಿಚಾರಿಸದಿದ್ದರೆ ಕಿಟಕಿಯ ಹಂಗೇ ಬೇಡ. ಎಲ್ಲಿಯೋ ಕೂತವನು ನೇರವಾಗಿ ಕನೆಕ್ಟರಿಗೇ ಆಜ್ಞೆ ಕೊಡಬಹುದು.

ಫ್ರೆಡರಿಕೊ ಕಾಲ್ಡೇರಾ ಕ್ನಾಬೆನ್ 2003ರಲ್ಲಿ ಹೊರತಂದ ಎಫ್‌ಸಿಕೆಎಡಿಟರ್, ವೆಬ್ ಪುಟದೊಳಗೇ ವರ್ಡ್‌ನಂತೆ ಬರೆಯುವ ಅನುಕೂಲ ಕೊಟ್ಟಿತು. ಪುಕ್ಕಟೆ. ಜೊತೆಗೆ ಫೈಲ್ ಬ್ರೌಸರ್ ಕೂಡ ಪುಕ್ಕಟೆ. ಕ್ನಾಬೆನ್ ಎಚ್ಚರದವರೇ. ಕನೆಕ್ಟರನ್ನು ಬಂದ್ ಮಾಡಿಯೇ ಕಳಿಸುತ್ತಿದ್ದರು, ಲಾಗಿನ್ ಪರೀಕ್ಷೆ ಸೇರಿಸಿದ ಮೇಲೆ ಮಾತ್ರ ಚಾಲೂ ಮಾಡಿ ಎಂದು ಸೆಟ್ಟಿಂಗ್ ಫೈಲಿನಲ್ಲೇ ಬರೆದಿಟ್ಟಿದ್ದರು. ಆದರೆ ಅಡೋಬಿಯ ಕೋಲ್ಡ್‌ಫ್ಯೂಷನ್ 8.0.1 ಎಂಬ ವೆಬ್ ತಂತ್ರಾಂಶ ಈ ಎಡಿಟರನ್ನು ತನ್ನೊಳಗೆ ಸೇರಿಸಿಕೊಂಡಾಗ ಕನೆಕ್ಟರ್ ಚಾಲೂ ಇರುವ ಸ್ಥಿತಿಯಲ್ಲೇ ಗ್ರಾಹಕರ ಕೈಗೆ ಹೋಯಿತು. 2009ರ ಜುಲೈನಲ್ಲಿ ಕೋಲ್ಡ್‌ಫ್ಯೂಷನ್ ಸೈಟುಗಳು ಒಂದರ ಹಿಂದೊಂದು ಹ್ಯಾಕ್ ಆಗತೊಡಗಿದವು. ಹುಡುಕುತ್ತ ಹೋದವರು ತಲುಪಿದ್ದು ಈ ಕನೆಕ್ಟರಿಗೆ. ಅದರಲ್ಲಿ ಫೋಲ್ಡರ್ ಹೆಸರನ್ನು ಸರಿಯಾಗಿ ಪರೀಕ್ಷಿಸದ ದೋಷವೂ ಇತ್ತು, ಹಾಗಾಗಿ ಏರಿಸಿದ ಫೈಲು ಬೇರೆ ಜಾಗಕ್ಕೂ ನುಸುಳಬಹುದಿತ್ತು. ಅದೇ ತಿಂಗಳು ಎಡಿಟರಿನ 2.6.4.1 ಆವೃತ್ತಿಯೂ ಅಡೋಬಿಯ ತಿದ್ದುಪಡಿಯೂ ಬಂದವು.

ಮರುತಿಂಗಳು ಎಡಿಟರ್ ಸಿಕೆಎಡಿಟರ್ 3.0 ಎಂಬ ಹೊಸ ಹೆಸರಲ್ಲಿ ಬಂತು. ಈ ಸಲ ಫೈಲ್ ಬ್ರೌಸರ್ ಜೊತೆಗಿರಲಿಲ್ಲ. ಬೇಕಿದ್ದವರು ಸಿಕೆಫೈಂಡರ್ ಎಂಬುದನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಇಡೀ ವೆಬ್‌ಸೈಟನ್ನೇ ಕೆಲವು ಸಾವಿರಕ್ಕೆ ಮಾಡಿಕೊಡುತ್ತಿದ್ದ ಹುಬ್ಬಳ್ಳಿ, ದಾವಣಗೆರೆಯ ಹುಡುಗರು ಲೈಸೆನ್ಸ್ ಎಲ್ಲಿಂದ ಕೊಂಡಾರು? ಪಾವೆಲ್ ಟ್ಸೊಂಕೊವ್ ಎಂಬವರು ಬರೆದ ಕೆಸಿಫೈಂಡರ್ ಆಗ ಪುಕ್ಕಟೆ ಸಿಗುತ್ತಿತ್ತು. ಸಿಕೆಫೈಂಡರಿಗೆ ಬದಲಿ ಎಂದೇ ಅದು ತನ್ನನ್ನು ಪರಿಚಯಿಸಿಕೊಳ್ಳುತ್ತಿತ್ತು. ಚೆಂದವೂ ಇತ್ತು, ವೇಗವೂ ಇತ್ತು. 2014ರ ಸುಮಾರಿಗೆ ಅದರ ಬೆಳವಣಿಗೆ ನಿಂತುಹೋಯಿತು. ಸೈಟುಗಳಲ್ಲಿ ಮಾತ್ರ ಅದು ಉಳಿಯಿತು.

ಎರಡನೆಯ ಸಲದ ಕತೆ ನಡೆದದ್ದು ಫಿನ್ಲೆಂಡಿನಲ್ಲಿ. ಸೆರಾವೊ ಎಂಬುದು ಅಲ್ಲಿ ವರ್ಡ್‌ಪ್ರೆಸ್ ಸೈಟುಗಳನ್ನು ನೋಡಿಕೊಳ್ಳುವ ಕಂಪನಿ. 2020ರ ಸೆಪ್ಟೆಂಬರ್ 1ರಂದು ಅಲ್ಲಿ ಭದ್ರತೆಯ ಪಾಳಿಯಲ್ಲಿದ್ದ ವಿಲ್ಲೆ ಕೊರ್ಹೊನೆನ್, ದಾಳಿಗಳ ಜಾಡು ಹಿಡಿದು ‘ಫೈಲ್ ಮ್ಯಾನೇಜರ್’ ಎಂಬ ಪ್ಲಗಿನ್‌ಗೆ ಬಂದು ಮುಟ್ಟಿದರು. 7 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿದ್ದ ಪ್ಲಗಿನ್ ಅದು. ದೋಷ ಅದುವರೆಗೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ದಾಳಿಕೋರರಿಗೆ ಮಾತ್ರ ಗೊತ್ತಿತ್ತು.

ಬಗೆದು ನೋಡಿದಾಗ ಸಿಕ್ಕದ್ದು ವಿಚಿತ್ರವಾಗಿತ್ತು. ಆ ಪ್ಲಗಿನ್ನಿನ ಹೊಟ್ಟೆಯಲ್ಲಿದ್ದದ್ದು ಎಲ್‌ಫೈಂಡರ್ ಎಂಬ ಮುಕ್ತ ತಂತ್ರಾಂಶ. ಎಲ್‌ಫೈಂಡರ್ ಬರೆದವರು ಕನೆಕ್ಟರಿನ ಒಂದು ನಮೂನೆ ಫೈಲನ್ನು ಜೊತೆಗೆ ಕೊಡುತ್ತಿದ್ದರು. ಅದರ ಹೆಸರಿನ ತುದಿಗೆ ‘ಡಿಸ್ಟ್’ ಎಂದು ಬೇಕಂತಲೇ ಸೇರಿಸಿದ್ದರು. ಹಾಗಿದ್ದರೆ ಸರ್ವರ್ ಅದನ್ನು ಪ್ರೋಗ್ರಾಂ ಎಂದು ಓಡಿಸುವುದಿಲ್ಲ. ಲಾಗಿನ್ ಪರೀಕ್ಷೆ ಬರೆದುಕೊಂಡು, ಹೆಸರು ಬದಲಿಸಿ ಬಳಸಿ ಎಂಬುದು ಅದರ ಅರ್ಥ. ಪ್ಲಗಿನ್ ಮಾಡಿದವರು ಒಂದು ಅಪ್‌ಡೇಟಿನಲ್ಲಿ ‘ಡಿಸ್ಟ್’ ತೆಗೆದು, ಸರ್ವರ್ ಓಡಿಸುವ ಪಿಎಚ್‌ಪಿ ಫೈಲು ಮಾಡಿಬಿಟ್ಟರು. ಪರೀಕ್ಷೆ ಬರೆಯಲಿಲ್ಲ. ಅವರ ಪ್ಲಗಿನ್ ಆ ಫೈಲನ್ನು ಬಳಸುತ್ತಲೂ ಇರಲಿಲ್ಲ. ಯಾರಿಗೂ ಬೇಡದ ಒಂದು ನಮೂನೆ, ತಿಂಗಳುಗಟ್ಟಲೆ ಬಂದವರ ಆಜ್ಞೆಯನ್ನೆಲ್ಲ ಪಾಲಿಸುತ್ತ ಕೂತಿತ್ತು.

ದಾಳಿಕೋರರು ಚಿತ್ರದೊಳಗೆ ಪಿಎಚ್‌ಪಿ ಅಡಗಿಸಿ ಏರಿಸುತ್ತಿದ್ದರು. ಏರಿದ್ದೆಲ್ಲ ಪ್ಲಗಿನ್ನಿನ ಒಂದೇ ಫೋಲ್ಡರಿಗೆ ಹೋಗುತ್ತಿತ್ತು, ಏಕೆಂದರೆ 2009ರಂತೆ ಬೇರೆ ಜಾಗಕ್ಕೆ ನುಸುಳಲು ಎಲ್‌ಫೈಂಡರ್ ಬಿಡುತ್ತಿರಲಿಲ್ಲ. ಆದರೇನು, ಒಂದು ಫೈಲು ಓಡಿದರೆ ಸಾಕಿತ್ತು. ಅದೇ ದಿನ 6.9 ಆವೃತ್ತಿಯಲ್ಲಿ ಆ ಫೈಲನ್ನು ತೆಗೆದುಹಾಕಲಾಯಿತು. ದಾಳಿ ನಿಲ್ಲಲಿಲ್ಲ. ಸೆಪ್ಟೆಂಬರ್ 10ರ ಹೊತ್ತಿಗೆ 26 ಲಕ್ಷ ಸೈಟುಗಳ ಮೇಲೆ ಪ್ರಯತ್ನ ನಡೆದಿತ್ತು ಎಂದು ವರ್ಡ್‌ಪ್ರೆಸ್ ಭದ್ರತೆಯ ಕಂಪನಿ ವರ್ಡ್‌ಫೆನ್ಸ್ ಲೆಕ್ಕ ಕೊಟ್ಟಿತು. ಪ್ಲಗಿನ್ ಇಲ್ಲದ ಸೈಟುಗಳನ್ನೂ ತಟ್ಟಿ ನೋಡುತ್ತಿದ್ದರು. ಇದರಲ್ಲೊಂದು ತಮಾಷೆಯೂ ಇದೆ. ಒಳಹೊಕ್ಕ ಕಳ್ಳರೇ ಆ ಕನೆಕ್ಟರಿಗೆ ಪಾಸ್‌ವರ್ಡ್ ಹಾಕಿ ಭದ್ರ ಮಾಡಿದರು, ಬೇರೆ ಕಳ್ಳರು ಬರಬಾರದಲ್ಲ! ಮಾಡಿದವರು ಹಾಕದೇ ಬಿಟ್ಟ ಪರೀಕ್ಷೆಯನ್ನು ಕದಿಯಲು ಬಂದವರು ಹಾಕಿದರು.

ಈ ಎರಡು ಕತೆ ಓದಿದ್ದರಿಂದಲೇ ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಯ ಸೈಟು ನನ್ನ ಕೈಗೆ ಬಂದಾಗ ಎಲ್ಲಿ ನೋಡಬೇಕೆಂದು ಗೊತ್ತಿತ್ತು. ದೂರು ಸಣ್ಣದು: ಹೋಸ್ಟಿಂಗ್‌ನವರು ಪಿಎಚ್‌ಪಿ ಬದಲಿಸಿದ ಮೇಲೆ ಫೋಟೋ ಏರುತ್ತಿಲ್ಲ, ಬಟನ್ ಒತ್ತಿದರೆ ಬಿಳಿ ಹಾಳೆ. 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8 ಹಳೆಯ ಎಷ್ಟೋ ಬರವಣಿಗೆಯ ರೀತಿಗಳನ್ನು ಕೈಬಿಟ್ಟಿದೆ. ಆರು ವರ್ಷ ಯಾರೂ ಮುಟ್ಟದ ಪ್ರೋಗ್ರಾಂ ಅದರ ಮೇಲೆ ಓಡದಿದ್ದರೆ ಅಚ್ಚರಿ ಏನಿಲ್ಲ. ವರ್ಷಗಟ್ಟಲೆ ನಡೆದ ಕೆಸಿಫೈಂಡರ್ ಅಲ್ಲಿ ಕೂತಿತ್ತು.

“ಹಳೇ ಪಿಎಚ್‌ಪಿ ವಾಪಸ್ ಹಾಕಿಬಿಡ್ರಿ ಸರ್ರ, ನಮಗ ಫೋಟೋ ಏರಿದ್ರ ಸಾಕು” ಅಂದರು.

ಹಳೆಯ ಪಿಎಚ್‌ಪಿ ಇರುವ ನನ್ನ ಕಂಪ್ಯೂಟರಿನಲ್ಲಿ ಆ ಸೈಟಿನ ಪ್ರತಿ ಇಟ್ಟು, ಲಾಗಿನ್ ಆಗದೆ, ಕೆಸಿಫೈಂಡರಿನ ವಿಳಾಸ ನೇರ ಹೊಡೆದೆ. ಫೋಲ್ಡರುಗಳು ತೆರೆದುಕೊಂಡವು. ಸೆಟ್ಟಿಂಗ್ ಫೈಲು ನೋಡಿದರೆ ಕಾರಣ ಅಲ್ಲೇ ಇತ್ತು. ಕೆಸಿಫೈಂಡರೂ ಬಂದ್ ಆದ ಸ್ಥಿತಿಯಲ್ಲೇ ಬರುತ್ತದೆ. ಅಡ್ಮಿನ್ ಲಾಗಿನ್ ಆದಾಗ ಮಾತ್ರ ಸೆಷನ್ ಮೂಲಕ ಅದನ್ನು ಎಬ್ಬಿಸಬೇಕು. ಆ ನಾಲ್ಕು ಸಾಲು ಬರೆಯುವ ಬದಲು ಸೆಟ್ಟಿಂಗ್‌ನಲ್ಲೇ ಖಾಯಂ ಚಾಲೂ ಮಾಡಿ ಬಿಟ್ಟಿದ್ದರು. 2009ರಲ್ಲಿ ಆದದ್ದು, 2020ರಲ್ಲಿ ಆದದ್ದು, ಇದು, ಮೂರೂ ಒಂದೇ ಜಾತಿ. ಮೂರರಲ್ಲೂ ಮೂಲ ಬರೆದವನು ಎಚ್ಚರ ವಹಿಸಿದ್ದ, ತಂದು ಜೋಡಿಸಿದವನು ಅದನ್ನು ತೆಗೆದುಹಾಕಿದ್ದ.

ಬದಲಿಸೋಣ ಎಂದರೆ ಮಾಲೀಕರಿಗೆ ಒಂದೇ ಭಯ: “ಹಂಗಾರ ಹಳೇ ಫೋಟೋ ಎಲ್ಲಾ ಹೋಕ್ಕಾವೇನ್ರೀ?” ಹೋಗುವುದಿಲ್ಲ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನನ್ನು ಬದಲಿಸಿದರೆ ಮೆಣಸಿನಕಾಯಿ ಚೀಲ ಇದ್ದಲ್ಲೇ ಇರುತ್ತವಲ್ಲ, ಹಾಗೆ. ಫೈಲುಗಳು ಸರ್ವರಿನ ಡಿಸ್ಕಿನಲ್ಲಿರುತ್ತವೆ, ಫೈಲ್ ಬ್ರೌಸರ್ ಅವನ್ನು ತೋರಿಸುತ್ತದೆ ಅಷ್ಟೆ. ಕೆಡುವುದು ಯಾವಾಗ ಎಂದರೆ, ಹೊಸ ಪ್ರೋಗ್ರಾಂ ಹಾಕುವವರು ಅಚ್ಚುಕಟ್ಟಿನ ಹುಮ್ಮಸ್ಸಿನಲ್ಲಿ ಫೋಲ್ಡರುಗಳ ಹೆಸರು ಬದಲಿಸಿದಾಗ. ಪ್ರತಿ ಪುಟದೊಳಗೂ ಚಿತ್ರದ ಹಳೆಯ ದಾರಿ ಬರೆದಿರುತ್ತದೆ, ಅದು ಮುರಿದರೆ ಚಿತ್ರ ಕಾಣುವುದಿಲ್ಲ. ಹಳೆಯ ಫೋಲ್ಡರ್ ಮುಟ್ಟಬಾರದು. ಹೊಸದಕ್ಕೆ ಬೇರೆ ಫೋಲ್ಡರ್ ಕೊಟ್ಟರಾಯಿತು.

ಕನ್ನಡ ಹೆಸರಿನ ಫೈಲುಗಳದು ಇನ್ನೊಂದು ಗೋಳು. ಯೂನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ವೆಬ್ ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ‘ಬ್ಯಾಡಗಿ’ ಎಂಬಷ್ಟಕ್ಕೇ ಏಳು ಸಂಕೇತ, ವಿಳಾಸದಲ್ಲಿ 63 ಅಕ್ಷರ! ಹಳೆಯ ಕೆಲವು ಪ್ರೋಗ್ರಾಂಗಳು ಇಂಗ್ಲಿಷ್ ಅಲ್ಲದ್ದನ್ನೆಲ್ಲ ಅಡಿಗೆರೆ ಮಾಡಿಬಿಡುತ್ತಿದ್ದವು, ಹಾಗಾಗಿ ಸಾಲುಸಾಲು ಅಡಿಗೆರೆಯ ಹೆಸರಿನ ಫೈಲುಗಳು. ಯಾವುದು ಯಾವ ಪಟ್ಟಿ ಎಂದು ದೇವರೇ ಬಲ್ಲ. ಹೊಸ ವ್ಯವಸ್ಥೆಗಳು ಕನ್ನಡ ಹೆಸರನ್ನು ತಾಳಿಕೊಳ್ಳುತ್ತವೆ. ಆದರೂ ಫೈಲಿಗೆ ತಾರೀಖಿನ ಹೆಸರಿಟ್ಟು, ಕನ್ನಡದ ವಿವರವನ್ನು ಶೀರ್ಷಿಕೆಯಲ್ಲಿ ಬರೆಯುವುದೇ ವಾಸಿ ಎಂಬುದು ನನ್ನ ಮತ.

ಬದಲಿ ಯಾವುದು? ಇನ್ನೊಂದು ಪುಕ್ಕಟೆ ಫೈಲ್ ಮ್ಯಾನೇಜರ್ ತಂದು ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ವರ್ಡ್‌ಪ್ರೆಸ್ 2012ರ ಡಿಸೆಂಬರಿನ 3.5 ಆವೃತ್ತಿಯಲ್ಲೇ ಫೋಟೋ ಏರಿಸುವ ಕಿಟಕಿಯನ್ನು ಹೊಸದಾಗಿ ಕಟ್ಟಿತು, ಜೂಮ್ಲಾ 2021ರ 4.0ರಲ್ಲಿ ಅದೇ ಕೆಲಸ ಮಾಡಿತು. ಇವು ಸೈಟಿನ ಲಾಗಿನ್ನನ್ನೇ ಕೇಳುತ್ತವೆ, ಬೇರೆ ಕನೆಕ್ಟರನ್ನು ಕಾಯುವ ಕೆಲಸ ಉಳಿಯುವುದಿಲ್ಲ. ರಾಣೆಬೆನ್ನೂರಿನ ಸೈಟಿಗೂ ಹೀಗೇ ಮಾಡಿದೆವು: ಪುಟಗಳು ವರ್ಡ್‌ಪ್ರೆಸ್‌ಗೆ ಬಂದವು, ಹಳೆಯ ಚಿತ್ರಗಳು ತಮ್ಮ ಜಾಗದಲ್ಲೇ ಉಳಿದವು, ಆ ಫೋಲ್ಡರಿನಲ್ಲಿ ಯಾವ ಪ್ರೋಗ್ರಾಂ ಕೂಡ ಓಡದಂತೆ ಸರ್ವರಿಗೆ ಹೇಳಲಾಯಿತು, ಕೆಸಿಫೈಂಡರ್ ಪೂರ್ತಿ ಅಳಿಸಲಾಯಿತು. ಮಾಲೀಕರು ಮಾತ್ರ ಹಳೆಯ ಕಿಟಕಿಯೇ ಛಲೋ ಇತ್ತು ಅನ್ನುತ್ತಾರೆ. ಫೋಲ್ಡರ್ ಫೋಲ್ಡರಾಗಿ ಕಾಣುತ್ತಿತ್ತು ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲದಿಲ್ಲ.

ನಿಮ್ಮದೂ ಅಂಥ ಹಳೆಯ ಸೈಟು ಇದ್ದರೆ, ಮಾಡಿಕೊಟ್ಟವರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: ಲಾಗಿನ್ ಆಗದೆ ಫೈಲ್ ಬ್ರೌಸರಿನ ವಿಳಾಸ ತೆರೆದರೆ ಏನು ಕಾಣುತ್ತದೆ? ಪಕ್ಕದಲ್ಲೇ ಕೂತು ತೆರೆಸಿ ನೋಡಿ. ಫೋಲ್ಡರುಗಳು ಕಂಡರೆ, ಹೊಸದು ಬರುವ ತನಕ ಕಾಯದೆ ಆ ಪ್ರೋಗ್ರಾಂ ಅನ್ನು ಅವತ್ತೇ ತೆಗೆಸಿಬಿಡಿ.