ಬಡಗಿಯ ಕೂರಿಗೆ

ಬಂದೂಕಿನ ಮರದ ಹಿಡಿಯನ್ನು ಬೇಟೆಗಾರನ ತೋಳಿನ ಅಳತೆಗೆ ಕೆತ್ತಿಸಬೇಕೆಂಬುದು ಬಲ್ಲವರ ಮಾತು. ಉಪಕರಣವು ಬಳಸುವವನಿಗೆ ಹೊಂದಿದಾಗಲೇ ಗುರಿ ತಪ್ಪದು. ಹೊಲದಲ್ಲಿಯೂ ಈ ನ್ಯಾಯವೇ ಸಲ್ಲುವುದೆಂಬುದಕ್ಕೆ ನಮ್ಮ ಕೂರಿಗೆಯೇ ಸಾಕ್ಷಿ.

ಕೂರಿಗೆಯೆಂದರೆ ಬೀಜವನ್ನು ಸಾಲಾಗಿ, ಒಂದೇ ಆಳದಲ್ಲಿ ಬಿತ್ತುವ ಎತ್ತಿನ ಸಾಧನ. ಇಂಗ್ಲೆಂಡಿನ ಜೆತ್ರೊ ಟಲ್ ಎಂಬಾತನು 1701ರಲ್ಲಿ ಬಿತ್ತನೆಯ ಯಂತ್ರವನ್ನು ನಿರ್ಮಿಸಿದನೆಂದು ನಾವೆಲ್ಲರೂ ಓದಿರುವೆವು. ಆ ಶತಮಾನದ ಕಡೆಯಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಹಾಲ್ಕಟ್ ಎಂಬ ಅಧಿಕಾರಿಯು, ತಾನು ಐರೋಪ್ಯರ ಹೊಸ ಸೃಷ್ಟಿಯೆಂದು ತಿಳಿದಿದ್ದ ಈ ಸಾಧನವು ಇಲ್ಲಿನ ರೈತರಲ್ಲಿ ರೂಢಿಯಲ್ಲಿರುವುದನ್ನು ಕಂಡು ಸ್ವದೇಶಕ್ಕೆ ಬರೆದು ತಿಳಿಸಿದನು.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಲ್ಲಿ ಮಳೆ ಹೆಚ್ಚು. ಅಲ್ಲಿ ಬತ್ತವನ್ನೂ ನಾಟಿ ಮಾಡದೆ ಕೂರಿಗೆಯಿಂದಲೇ ಬಿತ್ತುವ ವಾಡಿಕೆಯುಂಟು. ಮೂಡಣ ಸವಣೂರಿನ ಕಡೆಗೆ ಮಳೆ ಕಡಿಮೆ, ಕಪ್ಪುನೆಲ ಹೆಚ್ಚು. ಜೋಳಕ್ಕೆ ಸಾಲಿನಿಂದ ಸಾಲಿಗೆ ಸುಮಾರು 18 ಅಂಗುಲ ಬೇಕು, ಗೋವಿನಜೋಳಕ್ಕೆ 24. ಬತ್ತಕ್ಕೆ ಇವೆರಡಕ್ಕಿಂತಲೂ ಬಹಳ ಕಡಿಮೆ ಸಾಕು. ಈ ಅಂತರವನ್ನು ಮರದ ದಿಂಡಿನಲ್ಲಿಯೇ ಕೊರೆದು ನಿಲ್ಲಿಸುವುದರಿಂದ, ಬೆಳೆಗೆ ತಕ್ಕಂತೆ ಕೂರಿಗೆಯೂ ಬೇರೆಯಾಗಬೇಕು.

ಬಡಗಿಯ ಸಲಕರಣೆಗಳು ಕೆಲವೇ: ಬಾಚಿ, ಉಳಿ, ಕೊಡತಿ, ಗರಗಸ, ಬೈರಿಗೆ. ಉಳಿದುದನ್ನು ಅವನೇ ಹೊಂದಿಸಿಕೊಳ್ಳುವನು. ಮರವನ್ನು ಬಿಗಿಹಿಡಿಯಲು ಪಾದವೇ ಇಕ್ಕಳ. ಅಳೆಯಲು ಗೇಣು, ಬೆರಳು ಮತ್ತು ಹುರಿ. ನುಣುಪು ಮಾಡಲು ಗಾಜಿನ ಚೂರು. ಬಿದಿರಿನ ಗೆಣ್ಣುಗಳನ್ನು ತೂರಲು ಕಾಸಿದ ಕಬ್ಬಿಣದ ಸಲಾಕೆ. ಗಟ್ಟಿಯಾದ ಜಾಲಿಯ ಮರದಿಂದ ದಿಂಡನ್ನು ಕಡೆದು ಅದಕ್ಕೆ ತಾಳುಗಳನ್ನು ಕೂರಿಸುವನು. ಬೀಜದ ಬಟ್ಟಲಿನಿಂದ ಒಂದೊಂದು ತಾಳಿಗೂ ಒಂದೊಂದು ಬಿದಿರಿನ ಕೊಳವೆ ಇಳಿಯುವುದು.

ಇಲ್ಲಿ ಎರಡು ಸೂಕ್ಷ್ಮಗಳುಂಟು. ಮೊದಲನೆಯದು ಬಟ್ಟಲು. ಬಿತ್ತುವವರ ಮುಷ್ಟಿಯಿಂದ ಜಾರಿದ ಬೀಜವು ಎಲ್ಲ ರಂಧ್ರಗಳಿಗೂ ಸಮನಾಗಿ ಹಂಚಿಹೋಗಬೇಕು. ಆದುದರಿಂದ ರಂಧ್ರಗಳು ಬಟ್ಟಲಿನ ನಡುವಿನಿಂದ ಸಮದೂರದಲ್ಲಿಯೂ ಸಮಗಾತ್ರದಲ್ಲಿಯೂ ಇರುವುದು ಅವಶ್ಯ. ಒಂದು ರಂಧ್ರ ಕಿರಿದಾದರೆ ಆ ಸಾಲು ಸುಗ್ಗಿಯವರೆಗೂ ಬಡವಾಗಿಯೇ ನಿಲ್ಲುವುದು. ಎರಡನೆಯದು ನೊಗಕ್ಕೆ ಸೇರುವ ಈಸಿನ ಓರೆ. ಎತ್ತುಗಳು ಎತ್ತರವಾದರೆ ಈಸಿನ ತುದಿ ಮೇಲೇಳುವುದು. ತಾಳಿನ ಮೊನೆಯೂ ಅದರೊಡನೆ ಮೇಲಕ್ಕೆ ವಾಲಿ, ಬೀಜವು ಒಣಗಿದ ಮೇಲ್ಮಣ್ಣಿನಲ್ಲಿಯೇ ಉಳಿಯುವುದು. ಆದುದರಿಂದ ಬಡಗಿಯು ಮರವನ್ನು ಮುಟ್ಟುವ ಮೊದಲು ರೈತನ ಎತ್ತುಗಳನ್ನು ನೋಡಬೇಕು.

ಮಳೆ ಬಿದ್ದ ಮೇಲೆ ನೆಲದ ಹದವು ಕೆಲವೇ ದಿನ ಉಳಿಯುವುದು. ಆಗ ತಾಳು ಮುರಿದರೆ ಊರಿನ ಬಡಗಿಯು ಅಂದೇ ಸರಿಪಡಿಸಬಲ್ಲನು. ಈಗ ಟ್ರ್ಯಾಕ್ಟರಿನ ಬಿತ್ತನೆಯ ಯಂತ್ರಗಳು ವ್ಯಾಪಕವಾಗಿ ಬಂದಿವೆ. ಒಂದು ದಿನದಲ್ಲಿ ಅವು ಬಿತ್ತುವಷ್ಟು ನೆಲವನ್ನು ಎತ್ತಿನ ಕೂರಿಗೆಯು ಬಿತ್ತಲಾರದು. ಅವನ್ನು ಹಳಿಯುವುದು ಅನುಚಿತ. ಆದರೆ ಬಡಗಿಯ ಅಳತೆಗಳು ಯಾವ ನಕಾಶೆಯಲ್ಲಿಯೂ ಇಲ್ಲ. ಅವನ ಕೈಯಲ್ಲಿ ಮಾತ್ರ ಇವೆ. ಆ ಕೈ ನಿಂತರೆ ವಿದ್ಯೆಯೂ ನಿಲ್ಲುವುದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ಒಂದೊಂದು ಊರಿಗೆ ಹೋಗಿ, ಒಂದೊಂದು ಕೂರಿಗೆಯನ್ನು ಅಳೆದು, ಬಡಗಿಯನ್ನು ಕೇಳಿ ಬರೆದುಕೊಂಡರೆ ಅದು ಯಾವ ಪ್ರಯೋಗಶಾಲೆಯ ಪಾಠಕ್ಕೂ ಕಡಿಮೆಯಾಗದು.