ಮತ ಹಾಕಿದ ಮಾತ್ರಕ್ಕೆ ದೇಶವಾಗದು

ಜನರೇ ಬೇಕೆಂದು ಮತ ಹಾಕಿದ ಮೇಲೆ ಪ್ರತ್ಯೇಕ ದೇಶಕ್ಕೆ ಇನ್ನೇನು ಅಡ್ಡಿ ಎಂದು ಕೇಳುವವರಿದ್ದಾರೆ. 2017ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಕುರ್ದಿಸ್ತಾನದಲ್ಲಿ ಜನಮತಗಣನೆ ನಡೆದು, ಸ್ವಾತಂತ್ರ್ಯದ ಪರ ಶೇ 92ಕ್ಕೂ ಹೆಚ್ಚು ಮತ ಬಿದ್ದವು. ಮುಂದಿನ ತಿಂಗಳೇ ಇರಾಕ್ ಸೇನೆ ಕುರ್ದರ ಹಿಡಿತದಲ್ಲಿದ್ದ ಕಿರ್ಕುಕ್ ನಗರವನ್ನು ವಶಕ್ಕೆ ತೆಗೆದುಕೊಂಡಿತು. ಹೊಸ ದೇಶ ಹುಟ್ಟಲಿಲ್ಲ. ಆದರೆ 2011ರಲ್ಲಿ ಹೀಗೆಯೇ ಮತ ಹಾಕಿದ ದಕ್ಷಿಣ ಸುಡಾನ್, ಜುಲೈ 9ರಂದು ಸ್ವತಂತ್ರವಾಗಿ 14ರಂದು ವಿಶ್ವಸಂಸ್ಥೆಯ ಸದಸ್ಯನೂ ಆಯಿತು. ವ್ಯತ್ಯಾಸ ಇದ್ದದ್ದು ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ: ಬಿಟ್ಟುಕೊಡಬೇಕಾದ ಸರ್ಕಾರವೇ 2005ರ ಶಾಂತಿ ಒಪ್ಪಂದದಲ್ಲಿ ಜನಮತಗಣನೆಗೆ ಸಹಿ ಹಾಕಿತ್ತು.

ಸ್ವನಿರ್ಣಯದ ಹಕ್ಕು ಎಂದರೆ ಬೇರೆಯಾಗುವ ಹಕ್ಕು ಎಂಬುದು ಇದರ ಬೆನ್ನಿಗೇ ಬರುವ ನಂಬಿಕೆ. ಕಾನೂನಿನಲ್ಲಿ ಈ ಹಕ್ಕು ಗಟ್ಟಿಯಾಗಿ ನಿಂತಿರುವುದು ವಸಾಹತುಗಳ ವಿಷಯದಲ್ಲಿ. ಉಳಿದವರಿಗೆ ಅದು ಬಹುಮಟ್ಟಿಗೆ ದೇಶದೊಳಗಿನ ಸ್ವಾಯತ್ತತೆ, ಪ್ರಾತಿನಿಧ್ಯದ ಮಾತು. ಕ್ವಿಬೆಕ್ ಪ್ರಾಂತ್ಯ ಏಕಪಕ್ಷೀಯವಾಗಿ ಹೊರಹೋಗುವಂತಿಲ್ಲ, ಆದರೆ ಜನ ಸ್ಪಷ್ಟ ಬಹುಮತದಿಂದ ಕೇಳಿದರೆ ಮಾತುಕತೆಗೆ ಕೂರಲೇಬೇಕು ಎಂದು ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. ನಮ್ಮ ಸರ್ಕಾರ ಇನ್ನೂ ಬಿಗಿ. ಈ ಹಕ್ಕು ಪರಕೀಯ ಆಳ್ವಿಕೆಯಲ್ಲಿರುವ ಜನರಿಗಷ್ಟೇ ಸಲ್ಲುತ್ತದೆ ಎಂದು 1979ರಲ್ಲೇ ಲಿಖಿತವಾಗಿ ತಿಳಿಸಿದೆ.

ಸೆರ್ಬಿಯಾದಿಂದ ಬೇರೆಯಾದ ಕೊಸೊವೊದ ಹೆಸರು ಹೇಳಿ ವಾದಿಸುವವರು ಒಂದು ಅಂಶ ಮರೆಯುತ್ತಾರೆ. 2010ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ್ದು, ಸ್ವಾತಂತ್ರ್ಯ ಘೋಷಣೆ ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವಲ್ಲ ಎಂದಷ್ಟೇ. ಕೊಸೊವೊ ಒಂದು ದೇಶವೇ ಎಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ. ಹಾಗಾಗಿ ಈಗಲೂ ಅದು ಕೆಲವರಿಗೆ ದೇಶ, ಕೆಲವರಿಗಲ್ಲ. ಐಎಂಎಫ್, ಫಿಫಾ ಎರಡರಲ್ಲೂ ಸದಸ್ಯತ್ವವಿದೆ. ಆದರೂ 2018ರಲ್ಲಿ ದೆಹಲಿಯಲ್ಲಿ ನಡೆದ ಮಹಿಳೆಯರ ವಿಶ್ವ ಬಾಕ್ಸಿಂಗ್‌ಗೆ ಬರಬೇಕಿದ್ದ ಕೊಸೊವೊದ ಬಾಕ್ಸರ್‌ಗೆ ವೀಸಾ ಸಿಗಲಿಲ್ಲ, ಏಕೆಂದರೆ ಭಾರತ ಆ ದೇಶಕ್ಕೆ ಮಾನ್ಯತೆ ಕೊಟ್ಟಿಲ್ಲ.

ಮಾನ್ಯತೆ ಕೊಡುವುದು ವಿಶ್ವಸಂಸ್ಥೆ ಎಂಬುದಂತೂ ಓದಿದವರಲ್ಲೂ ಇರುವ ತಪ್ಪು. ಅದು ಕೊಡುವುದು ಸದಸ್ಯತ್ವ. ಮಾನ್ಯತೆ ಒಂದೊಂದು ದೇಶವೂ ತನ್ನ ಲೆಕ್ಕಾಚಾರ ನೋಡಿಕೊಂಡು ಕೊಡುವಂಥದ್ದು. ಬಾಂಗ್ಲಾದೇಶಕ್ಕೆ ಭಾರತ ಮಾನ್ಯತೆ ಕೊಟ್ಟದ್ದು 1971ರ ಡಿಸೆಂಬರ್ 6ರಂದು, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ. 1972ರಲ್ಲಿ ಅದರ ವಿಶ್ವಸಂಸ್ಥೆ ಸದಸ್ಯತ್ವಕ್ಕೆ ಚೀನಾ ವಿಟೊ ಹಾಕಿತು. 1974ರ ಫೆಬ್ರುವರಿಯಲ್ಲಿ ಪಾಕಿಸ್ತಾನವೇ ಒಪ್ಪಿಕೊಂಡ ಮೇಲೆ, ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು. ಈ ನಡುವೆ ಢಾಕಾದಲ್ಲಿ ಸರ್ಕಾರ ಇರಲಿಲ್ಲವೇ? ಅಷ್ಟೇಕೆ, ಸ್ವಿಟ್ಜರ್ಲೆಂಡ್ ವಿಶ್ವಸಂಸ್ಥೆಯ ಸದಸ್ಯನಾದದ್ದೇ 2002ರಲ್ಲಿ.

ಇನ್ನು, ಮಾನ್ಯತೆ ಇಲ್ಲದ್ದು ದೇಶವೇ ಅಲ್ಲ ಎನ್ನುವವರು ಸೊಮಾಲಿಲ್ಯಾಂಡ್ ಕಡೆ ನೋಡಬೇಕು. ಬ್ರಿಟಿಷರಿಂದ 1960ರ ಜೂನ್ 26ರಂದು ಸ್ವಾತಂತ್ರ್ಯ ಪಡೆದು, ಐದೇ ದಿನ ಸ್ವತಂತ್ರವಾಗಿದ್ದು, ಜುಲೈ 1ರಂದು ಇಟಲಿಯ ಆಡಳಿತದಲ್ಲಿದ್ದ ಸೊಮಾಲಿಯಾದ ಜೊತೆ ಅದು ತಾನಾಗಿ ಸೇರಿಕೊಂಡಿತು. 1988ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಯುದ್ಧವಿಮಾನಗಳು ಸೊಮಾಲಿಲ್ಯಾಂಡಿನ ಮುಖ್ಯ ನಗರ ಹರ್ಗೈಸಾದ ವಿಮಾನ ನಿಲ್ದಾಣದಿಂದಲೇ ಮೇಲೆದ್ದು ಅದೇ ಊರಿನ ಮೇಲೆ ಬಾಂಬು ಸುರಿದವು. ಆಗ ಉರುಳಿದ ಒಂದು ಮಿಗ್ ಇಂದು ನಗರದ ನಡುವೆ ಸ್ಮಾರಕವಾಗಿ ನಿಂತಿದೆ. 1991ರಲ್ಲಿ ಬೇರೆಯಾದ ಮೇಲೆ ಸೊಮಾಲಿಲ್ಯಾಂಡ್ ತನ್ನದೇ ನಾಣ್ಯ, ಪಾಸ್‌ಪೋರ್ಟ್, ಸೇನೆ, ಸಂಸತ್ತು ಕಟ್ಟಿಕೊಂಡಿತು. 2003ರ ಅಧ್ಯಕ್ಷೀಯ ಚುನಾವಣೆ ತೀರ್ಮಾನವಾದದ್ದು ಬರೀ 80 ಮತಗಳ ಅಂತರದಲ್ಲಿ. ಸೋತವರು ಬಂದೂಕು ಹಿಡಿಯಲಿಲ್ಲ.

ಇಷ್ಟಿದ್ದರೂ 2025ರ ಡಿಸೆಂಬರ್ ಕೊನೆಗೆ ಇಸ್ರೇಲ್ ಮುಂದೆ ಬರುವವರೆಗೂ ವಿಶ್ವಸಂಸ್ಥೆಯ ಒಂದು ಸದಸ್ಯ ದೇಶವೂ ಅದನ್ನು ಒಪ್ಪಿರಲಿಲ್ಲ. ವಸಾಹತು ಕಾಲದ ಗಡಿಗಳನ್ನು ಮುಟ್ಟಬಾರದು ಎಂಬ 1964ರ ನಿರ್ಣಯಕ್ಕೆ ಆಫ್ರಿಕಾದ ದೇಶಗಳು ಅಂಟಿಕೊಂಡಿವೆ. ಸೊಮಾಲಿಲ್ಯಾಂಡ್ ಕೇಳುತ್ತಿರುವುದೂ ವಸಾಹತು ಕಾಲದ ಅದೇ ಗಡಿಯನ್ನೇ! ಮಾನ್ಯತೆ ಇಲ್ಲದ್ದಕ್ಕೆ ಅದು ತೆರುವ ಬೆಲೆ ಸಣ್ಣದಲ್ಲ: ಐಎಂಎಫ್, ವಿಶ್ವಬ್ಯಾಂಕುಗಳಿಂದ ನೇರವಾಗಿ ಸಾಲ ಹುಟ್ಟುವುದಿಲ್ಲ, ಪಾಸ್‌ಪೋರ್ಟ್ ಹೆಚ್ಚು ಕಡೆ ನಡೆಯುವುದಿಲ್ಲ. ಅತ್ತ ಸೊಮಾಲಿಯಾದಲ್ಲಿ 1991ರಿಂದ ವರ್ಷಗಟ್ಟಲೆ ಕೇಂದ್ರ ಸರ್ಕಾರವೇ ಇರಲಿಲ್ಲ. ವಿಶ್ವಸಂಸ್ಥೆಯಲ್ಲಿ ಅದರ ಸದಸ್ಯತ್ವ ಮಾತ್ರ ಒಂದು ದಿನವೂ ಹೋಗಲಿಲ್ಲ.